ಸೀಮೆಎಣ್ಣೆ ಕುಡಿಯುವ ಬೂದು ಟ್ರ್ಯಾಕ್ಟರು

ಫರ್ಗ್ಯೂಸನ್ ಎಂಬ ಹೆಸರು ನಮ್ಮ ಕಡೆಯ ರೈತರಿಗೆ ಹೊಸದೇನಲ್ಲ. ಕೆಂಪು ಬಣ್ಣದ ಮ್ಯಾಸಿ ಫರ್ಗ್ಯೂಸನ್ ನೋಡದವರು ಯಾರಿದ್ದಾರೆ ಹೇಳಿ? ಮದ್ರಾಸಿನ ಟಾಫೆ ಕಂಪನಿ 1961ರಲ್ಲೇ ಅದರ ತಯಾರಿಕೆ ಶುರು ಮಾಡಿತು. ಆದರೆ ಆ ಹೆಸರಿನ ಅರ್ಧ ಭಾಗ ಹ್ಯಾರಿ ಫರ್ಗ್ಯೂಸನ್ ಎಂಬ ಐರ್ಲೆಂಡಿನ ಹಠಮಾರಿಯೊಬ್ಬನದು ಅಂತ ನನಗೆ ಗೊತ್ತಾಗಿದ್ದು ಕೆಲಸದ ಮೇಲೆ ಇಂಗ್ಲೆಂಡಿನ ಕವೆಂಟ್ರಿಗೆ ಬಂದ ಮೇಲೆ. ಅದೂ ಪಕ್ಕದ ಮನೆಯ ಅಜ್ಜನ ಶೆಡ್ಡಿನಲ್ಲಿದ್ದ 1951ರ ಬೂದು ಟ್ರ್ಯಾಕ್ಟರಿನ ಎಂಜಿನ್ ಬಿಚ್ಚುವಾಗ.

ಈ ಅಜ್ಜ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ದುಡಿದವರು. ಟ್ರ್ಯಾಕ್ಟರು ಅವರ ಅಪ್ಪನದು. ಆಯಿಲ್‌ಗೆ ನೀರು ಸೇರಿ ಹಾಲು ಹಾಕಿದ ಕಾಫಿಯಂತಾಗಿತ್ತು. ಅಜ್ಜನ ಬೆರಳುಗಳು ಸಂಧಿವಾತದಿಂದ ಮಡಚಿಕೊಂಡಿವೆ, ಸ್ಪ್ಯಾನರ್ ಹಿಡಿಯಲಾಗದು. ಹಳೇ ಗಾಡಿಗಳನ್ನು ಬಿಚ್ಚಿ ಬಿಡಿಭಾಗ ಮಾರುವವನೊಬ್ಬ ಆಗಲೇ ಎರಡು ಸಲ ಬಂದು ರೇಟು ಕೇಳಿ ಹೋಗಿದ್ದ. "ಚಳಿಗಾಲ ಮುಗಿಯುವುದರೊಳಗೆ ಓಡಿದರೆ ಸರಿ, ಇಲ್ಲದಿದ್ದರೆ ಕೊಟ್ಟುಬಿಡ್ತೇನೆ" ಅಂದರು. ನಾನೋ ಎಂಜಿನಿಯರಿಂಗ್ ಡಿಗ್ರಿ ಪಡೆದವನು, ಎಂಜಿನ್ನಿನ ಚಿತ್ರ ಬರೆದು ಮಾರ್ಕ್ಸ್ ತಗೊಂಡವನೇ ಹೊರತು ಒಂದು ನಟ್ಟು ಬಿಚ್ಚಿದವನಲ್ಲ. ತಲೆ ಅವರದು, ಕೈ ನನ್ನದು ಅಂತ ಒಪ್ಪಂದವಾಯಿತು.

ಫರ್ಗ್ಯೂಸನ್‌ನ ಕಥೆ ಕೇಳಿ. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನ ಹಾರಿಸಿ, ಐರ್ಲೆಂಡಿನಲ್ಲಿ ಹಾರಿದ ಮೊದಲಿಗ ಅನ್ನಿಸಿಕೊಂಡ. ಆಮೇಲೆ ಗಮನವೆಲ್ಲ ನೇಗಿಲಿನ ಮೇಲೆ. ಆಗಿನ ಟ್ರ್ಯಾಕ್ಟರುಗಳು ನೇಗಿಲನ್ನು ಗಾಡಿಯ ಹಾಗೆ ಹಿಂದೆ ಕಟ್ಟಿ ಎಳೆಯುತ್ತಿದ್ದವು. ನೇಗಿಲು ಕಲ್ಲಿಗೆ ಸಿಕ್ಕರೆ ಮುಂಭಾಗ ಮೇಲೆದ್ದು ಟ್ರ್ಯಾಕ್ಟರು ಓಡಿಸುವವನ ಮೇಲೇ ಮಗುಚುತ್ತಿತ್ತು, ಜನ ಸಾಯುತ್ತಿದ್ದರು. ಫರ್ಗ್ಯೂಸನ್ ಮೂರು ಕೊಂಡಿಗಳಲ್ಲಿ ನೇಗಿಲನ್ನು ಜೋಡಿಸಿ, ಹೈಡ್ರಾಲಿಕ್ಸ್‌ನಿಂದ ಎತ್ತಿ ಇಳಿಸುವ ವ್ಯವಸ್ಥೆ ಮಾಡಿದ. ನೆಲ ಬಿಗಿಯಾದಷ್ಟೂ ಮೇಲಿನ ಕೊಂಡಿ ಟ್ರ್ಯಾಕ್ಟರಿನ ಮುಂಭಾಗವನ್ನು ಕೆಳಗೆ ಒತ್ತುತ್ತದೆ. ಇವತ್ತು ಜಗತ್ತಿನ ಬಹುಪಾಲು ಟ್ರ್ಯಾಕ್ಟರುಗಳ ಹಿಂಭಾಗದಲ್ಲಿರುವುದು ಇದೇ.

1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಬರೀ ಕೈಕುಲುಕಿ ವ್ಯವಹಾರ ಕುದುರಿಸಿದ. ಕಾಗದ ಪತ್ರ ಏನೂ ಇಲ್ಲ! ಯುದ್ಧ ಮುಗಿದ ಮೇಲೆ ಅಧಿಕಾರಕ್ಕೆ ಬಂದ ಮೊಮ್ಮಗ ಹೆನ್ರಿ ಫೋರ್ಡ್ II ಆ ಒಪ್ಪಂದ ಮುರಿದ. ಫರ್ಗ್ಯೂಸನ್ ಕೋರ್ಟಿಗೆ ಹೋಗಿ 1952ರಲ್ಲಿ 92.5 ಲಕ್ಷ ಡಾಲರ್ ವಸೂಲು ಮಾಡಿದ.

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಆತ ತನ್ನದೇ ಟ್ರ್ಯಾಕ್ಟರು ಹೊರತಂದಾಗಿತ್ತು. ಯುದ್ಧಕಾಲದಲ್ಲಿ ವಿಮಾನದ ಎಂಜಿನ್ ತಯಾರಾಗುತ್ತಿದ್ದ ಬ್ಯಾನರ್ ಲೇನ್ ಖಾಲಿಯಿತ್ತು, ಸ್ಟ್ಯಾಂಡರ್ಡ್ ಮೋಟರ್ ಕಂಪನಿ ಅಲ್ಲಿ ಟ್ರ್ಯಾಕ್ಟರು ಮಾಡಿಕೊಡಲು ಒಪ್ಪಿತು. ಈ ಯೋಜನೆಯ ಬೆನ್ನಿಗೆ ನಿಂತ ಮಂತ್ರಿ ಯಾರು ಗೊತ್ತೇ? 1942ರಲ್ಲಿ ನಮ್ಮ ದೇಶಕ್ಕೆ ಬಂದು ಬರಿಗೈಲಿ ಹೋದ ಕ್ರಿಪ್ಸ್ ಮಿಷನ್‌ನ ಸ್ಟ್ಯಾಫರ್ಡ್ ಕ್ರಿಪ್ಸ್! 1946ರಿಂದ 1956ರವರೆಗೆ ಈ ಮಾಡೆಲಿನ, ಅಂದರೆ ಟಿಇ 20ಯ, 5,17,000ಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಹೊರಬಿದ್ದವು. ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದ್ದೂ ಇವುಗಳ ಮೇಲೆಯೇ.

ಈಗ ಎಂಜಿನ್. ಈ ಟ್ರ್ಯಾಕ್ಟರಿಗೆ ಪ್ರತ್ಯೇಕ ಚಾಸಿಯೇ ಇಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಬೆನ್ನುಮೂಳೆ. ಹಾಗಾಗಿ ಎಂಜಿನ್ ಹೊರತೆಗೆಯಬೇಕೆಂದರೆ ಟ್ರ್ಯಾಕ್ಟರನ್ನೇ ನಡುವೆ ಎರಡು ತುಂಡು ಮಾಡಬೇಕು. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗಾಡುವುದರಿಂದ ಎರಡೂ ಬದಿಗೆ ಮರದ ತುಂಡು ಹೊಡೆದು ಬಿಗಿ ಮಾಡದಿದ್ದರೆ ಮುಂದಿನ ಅರ್ಧ ಪಕ್ಕಕ್ಕೆ ಉರುಳಿಬಿಡುತ್ತದೆ. ಆ ಶನಿವಾರ ನನ್ನ ಎದೆ ಬಡಿತ ನನಗೇ ಕೇಳಿಸುತ್ತಿತ್ತು.

ಸಿಲಿಂಡರ್‌ಗಳು ಬ್ಲಾಕಿನಲ್ಲೇ ಕೊರೆದವಲ್ಲ, ಬಳೆಯ ಹಾಗೆ ಬೇರೆಯಾಗಿ ಇಳಿಸುವ ಲೈನರ್‌ಗಳು. ತಂಪು ಮಾಡುವ ನೀರು ಇವುಗಳ ಹೊರಮೈಗೇ ತಾಗಿಕೊಂಡಿರುತ್ತದೆ. ಸವೆದರೆ ಲೇತ್ ಹುಡುಕಿ, ರೀಬೋರ್ ಮಾಡಿಸಿ ಅಂತ ಒದ್ದಾಡಬೇಕಿಲ್ಲ. ಹಳೇದು ಕಿತ್ತು ಹೊಸದು ಕೂರಿಸಿದರಾಯಿತು. ನನ್ನಂಥವನು ಕೈ ಹಾಕಲು ಸಾಧ್ಯವಾಗಿದ್ದೇ ಇದರಿಂದ. ಇನ್ನೊಂದು ತಮಾಷೆಯೂ ಇದೆ. ಸ್ಟ್ರೋಕ್ 92 ಮಿಮೀ ಹಾಗೇ ಇಟ್ಟು 80 ಮಿಮೀ ಬೋರಿನ ಲೈನರ್ ಹಾಕಿದರೆ 1850 ಸಿಸಿ, ಈ ಎಂಜಿನ್ ಪಡೆದ ಮೊದಲ ಟ್ರ್ಯಾಕ್ಟರುಗಳದ್ದು. 85 ಹಾಕಿದರೆ 2088, ನಮ್ಮ ಟ್ರ್ಯಾಕ್ಟರಿನದು. ಅದೇ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನದೂ ಹೌದು, 1950ರ ದಶಕದಲ್ಲಿ ಮದ್ರಾಸಿನಲ್ಲೂ ಆ ಕಾರು ಜೋಡಣೆಯಾಗುತ್ತಿತ್ತು. 83 ಹಾಕಿದರೆ 1991, ಟ್ರಯಂಫ್ ಟಿಆರ್ 2 ಎಂಬ ಸ್ಪೋರ್ಟ್ಸ್ ಕಾರು! ಹೊಲ ಉಳುವ ಎಂಜಿನ್ನಿನ ಸೋದರ ರೇಸಿನಲ್ಲಿ ಓಡುತ್ತಿತ್ತು.

ನೀರು ಸೋರದಂತೆ ಎರಡೆರಡು ಲೈನರ್‌ಗಳ ಬುಡಕ್ಕೆ ಇಂಗ್ಲಿಷಿನ ಎಂಟರ ಆಕಾರದ ಒಂದು ಗ್ಯಾಸ್ಕೆಟ್. ಲೈನರ್‌ನ ತಲೆ ಬ್ಲಾಕಿಗಿಂತ ಒಂದು ಇಂಚಿನ ಸಾವಿರದಲ್ಲಿ ಮೂರರಿಂದ ಐದು ಭಾಗ ಮೇಲಿರಬೇಕು, ಆಗಷ್ಟೇ ಹೆಡ್ ಬಿಗಿದಾಗ ಅದು ಕೆಳಗೆ ಒತ್ತಿ ಕೂರುತ್ತದೆ. ಫೀಲರ್ ಗೇಜ್ ಇಟ್ಟು ನೋಡಿದರೆ ಮೂರನೆಯದು ಒಂದೇ ಭಾಗ ಮೇಲಿತ್ತು. ಕಾಫಿಯ ಮೂಲ ಸಿಕ್ಕಿತು. ಬುಡದ ಅಂಚಿನಲ್ಲಿ ಎಪ್ಪತ್ತು ವರ್ಷದ ತುಕ್ಕು, ಸುಣ್ಣ. ಬರೀ ಅದನ್ನು ಕೆರೆದು ತೊಳೆಯಲು ಮೂರು ವಾರಾಂತ್ಯ ಹಿಡಿಯಿತು. ಹೊಸ ಲೈನರ್, ಹೊಸ ಗ್ಯಾಸ್ಕೆಟ್ ಹಾಕಿ ಅಳೆದಾಗ ನಾಲ್ಕೂ ಕಡೆ ನಾಲ್ಕು. ಅಜ್ಜ ಏನೂ ಹೇಳಲಿಲ್ಲ, ಗೇಜನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಇನ್ನೊಮ್ಮೆ ತೂರಿಸಿ ನೋಡಿದರು.

ಅಂದ ಹಾಗೆ, ಇದರ ಟ್ಯಾಂಕಿನಲ್ಲಿ ಎರಡು ಭಾಗ. ಯುದ್ಧಾನಂತರ ಬ್ರಿಟನ್ನಿನಲ್ಲಿ 1950ರವರೆಗೂ ಪೆಟ್ರೋಲಿಗೆ ರೇಷನ್ ಇತ್ತು. ರೈತರಿಗೆಂದೇ ಟಿವಿಒ ಎಂಬ, ಸೀಮೆಎಣ್ಣೆಯ ಜಾತಿಯ ಅಗ್ಗದ ಇಂಧನ ಮಾರುತ್ತಿದ್ದರು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಟ್ಯಾಪ್ ತಿರುಗಿಸಿ ಅದಕ್ಕೆ ಬದಲಾಯಿಸುವುದು. ನಮ್ಮಲ್ಲಿ ಪೆಟ್ರೋಲಿನಲ್ಲಿ ಶುರು ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಪಂಪ್‌ಸೆಟ್ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ! ಅವಸರಪಟ್ಟು ಎಂಜಿನ್ ತಣ್ಣಗಿರುವಾಗಲೇ ತಿರುಗಿಸಿದರೆ ಉರಿಯದ ಎಣ್ಣೆ ಕೆಳಗಿಳಿದು ಆಯಿಲ್ ತೆಳುವಾಗುತ್ತದೆ, ಬೇರಿಂಗ್ ಸವೆಯುತ್ತವೆ. ಟಿವಿಒ ಮಾರಾಟ 1974ರಲ್ಲಿ ನಿಂತುಹೋಯಿತು. ಬ್ಯಾನರ್ ಲೇನ್ ಕೂಡ, ಮೂವತ್ತು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರು ಕೊಟ್ಟು, 2003ರ ಹೊತ್ತಿಗೆ ಬಾಗಿಲು ಹಾಕಿತು.

ಫೆಬ್ರವರಿಯ ಕೊನೆಯ ಭಾನುವಾರ ಅಜ್ಜನ ಟ್ರ್ಯಾಕ್ಟರು ಪೆಟ್ರೋಲಿನಲ್ಲೇ ಒಂದು ಗಂಟೆ ಓಡಿತು. ಆಯಿಲ್ ಕಡ್ಡಿ ತೆಗೆದು ಬಿಳಿ ಬಟ್ಟೆಯಲ್ಲಿ ಒರೆಸಿದೆವು, ಶುದ್ಧ ಜೇನಿನ ಬಣ್ಣ. ಎಂಜಿನ್ ಆರಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕಿತ್ತು. ಅದು ಆರಲೆಂದು ಕಾಯುತ್ತಿರುವಾಗ ಅಜ್ಜ ಒಳಗೆ ಹೋಗಿ ಆ ಬಿಡಿಭಾಗದವನಿಗೆ ಫೋನ್ ಮಾಡಿ ಬಂದರು.