ಸೋನಮ್ ಠಾಣೆಯ ಹತ್ತು ಮಂದಿ

ನಮ್ಮ ತಾರಮಂಗಲದ ಸುತ್ತಮುತ್ತಲ ಮಕ್ಕಳಿಗೆ ಗೊತ್ತಿರುವುದು ಆಲಿಕಲ್ಲು ಮಾತ್ರ. ಊರ ದೇವರು ಕೈಲಾಸನಾಥನಾದರೂ ಹಿಮದ ಬೆಟ್ಟವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಆದರೂ ಹಿಮಕುಸಿತದ ಚರಿತ್ರೆ ನಮಗೆ ದೂರದ್ದಲ್ಲ. ಅದರಲ್ಲಿ ಗಡಿಯ ಈಚೆಯವರ ಹೆಸರೂ ಇದೆ, ಆಚೆಯವರ ಹೆಸರೂ ಇದೆ.

ಮೊದಲು ಒಂದು ಪದದ ವಿಚಾರ. ಪತ್ರಿಕೆಗಳು ಎಲ್ಲಕ್ಕೂ 'ಹಿಮಪಾತ' ಎಂದೇ ಬರೆಯುವುದುಂಟು. ಆಕಾಶದಿಂದ ಹಿಮ ಬೀಳುವುದು ಹಿಮಪಾತ. ಬೆಟ್ಟದ ಇಳಿಜಾರಿನಲ್ಲಿ ಕೂಡಿದ್ದ ಹಿಮರಾಶಿ ಒಮ್ಮೆಲೇ ಜಾರಿ ಬೀಳುವುದು ಹಿಮಕುಸಿತ. ಮೊದಲನೆಯದು ನೋಡಲು ಚೆಂದ, ಎರಡನೆಯದು ಕ್ಷಣದಲ್ಲಿ ಜೀವ ತೆಗೆಯುತ್ತದೆ.

1984ರ ಏಪ್ರಿಲ್ 13ರಂದು ನಮ್ಮ ಸೈನ್ಯವು 'ಮೇಘದೂತ' ಕಾರ್ಯಾಚರಣೆಯ ಮೂಲಕ ಸಿಯಾಚಿನ್ ಹಿಮನದಿಯ ಎತ್ತರಗಳಿಗೆ ಏರಿತು. ಅಂದಿನಿಂದ ಅಲ್ಲಿ ಗುಂಡೇಟಿಗಿಂತ ಚಳಿ, ಹಿಮಕುಸಿತ, ಹಿಮದ ಬಿರುಕುಗಳಿಗೆ ಬಲಿಯಾದವರೇ ಹೆಚ್ಚು. ಅಲ್ಲಿನ ಸೋನಮ್ ಠಾಣೆ ಸುಮಾರು 19,600 ಅಡಿ ಎತ್ತರದಲ್ಲಿದೆ. ನಮ್ಮ ಏರ್ಕಾಡಿನ ಶೇರ್ವರಾಯನ್ ಬೆಟ್ಟದ ಮೂರೂವರೆ ಪಟ್ಟಿಗೂ ಹೆಚ್ಚು!

2016ರ ಫೆಬ್ರವರಿ 3ರಂದು ದೊಡ್ಡ ಹಿಮದ ಗೋಡೆಯೊಂದು ಕಳಚಿ ಆ ಠಾಣೆಯ ಮೇಲೆ ಬಿದ್ದಿತು. 19ನೇ ಮದ್ರಾಸ್ ರೆಜಿಮೆಂಟಿನ ಠಾಣೆಯಲ್ಲಿದ್ದ ಹತ್ತೂ ಮಂದಿ ಹೂತುಹೋದರು. ಬದುಕಿರುವ ಆಸೆ ಬಹಳ ಕಡಿಮೆ ಎಂದು ಸೈನ್ಯವೇ ಹೇಳಿತ್ತು. ಆದರೂ ನಾಯಿಗಳನ್ನೂ ಯಂತ್ರಗಳನ್ನೂ ಸಾಗಿಸಿ, ಕಲ್ಲಿನಂಥ ಮಂಜನ್ನು ಕಡಿದು ಹುಡುಕಿದರು. ಫೆಬ್ರವರಿ 8ರ ರಾತ್ರಿ ಸುಮಾರು 25 ಅಡಿ ಆಳದಲ್ಲಿ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಧಾರವಾಡ ಜಿಲ್ಲೆಯ ಬೆಟದೂರಿನ ಈ ಯೋಧ ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ತೀರಿಕೊಂಡರು.

ಅವರ ಹೆಸರು ನಾಡಿಗೆಲ್ಲ ಗೊತ್ತು. ಉಳಿದ ಒಂಬತ್ತು ಹೆಸರು? ಕರ್ನಾಟಕದಿಂದ ಹಾಸನದ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆಯ ಮಹೇಶ್. ತಮಿಳುನಾಡಿನಿಂದ ವೇಲೂರಿನ ಏಳುಮಲೈ, ತೇಣಿಯ ಕುಮಾರ್, ಮದುರೆಯ ಗಣೇಶನ್, ಕೃಷ್ಣಗಿರಿಯ ರಾಮಮೂರ್ತಿ. ಕೇರಳದ ಸುಧೀಶ್, ಆಂಧ್ರದ ಮುಷ್ತಾಕ್ ಅಹಮದ್, ಮಹಾರಾಷ್ಟ್ರದ ಸೂರ್ಯವಂಶಿ. ಕೃಷ್ಣಗಿರಿ 2004ರವರೆಗೆ ನಮ್ಮ ಧರ್ಮಪುರಿ ಜಿಲ್ಲೆಯಲ್ಲೇ ಇತ್ತು ಎಂಬುದನ್ನು ಮಕ್ಕಳಿಗೆ ಹೇಳಿ. ಕಾವೇರಿ ನೀರಿಗಾಗಿ ಜಗಳವಾಡುವ ಎರಡು ರಾಜ್ಯಗಳ ಏಳು ಮಂದಿ ಅಲ್ಲಿ ಒಂದೇ ಠಾಣೆಯಲ್ಲಿದ್ದರು.

ಇದು ಕಡು ಚಳಿಯಲ್ಲಿ ನಡೆದದ್ದು. ಚಳಿ ಕಳೆದರೆ ಅಪಾಯ ಮುಗಿಯಿತೆಂದು ತಿಳಿಯಬಾರದು. ಮಾರ್ಚ್, ಏಪ್ರಿಲ್‌ನಲ್ಲಿ ಹಗಲಿನ ಬಿಸಿಲಿಗೆ ಹಿಮ ಕರಗಿ ನೀರು ಒಳಗಿಳಿಯುತ್ತದೆ, ಪದರಗಳ ಹಿಡಿತ ಸಡಿಲವಾಗುತ್ತದೆ. ರಾತ್ರಿಯ ಚಳಿಗೆ ಅದು ಮತ್ತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ತಿಳಿದವರು ಬೆಳಗಾಗುವ ಮೊದಲೇ ಇಳಿಜಾರು ದಾಟುತ್ತಾರೆ, ಮಧ್ಯಾಹ್ನ ಅತ್ತ ಸುಳಿಯುವುದಿಲ್ಲ. 30ರಿಂದ 45 ಡಿಗ್ರಿ ಇಳಿಜಾರುಗಳೇ ಹೆಚ್ಚು ಅಪಾಯ. ಹೂತವರನ್ನು ಕಾಲು ಗಂಟೆಯೊಳಗೆ ತೆಗೆದರೆ ಬಹುಪಾಲು ಮಂದಿ ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಉಸಿರು ಕಟ್ಟಿ ಸಾಯುವವರೇ ಹೆಚ್ಚು.

ಹಿಮಕ್ಕೆ ಗಡಿಯಿಲ್ಲ. 2012ರ ಏಪ್ರಿಲ್ 7ರಂದು ಸಿಯಾಚಿನ್ ಬಳಿಯ ಗಯಾರಿಯಲ್ಲಿ ಪಾಕಿಸ್ತಾನದ ಸೈನಿಕ ನೆಲೆಯೊಂದು ಹೂತು 140 ಮಂದಿ ಸತ್ತರು. ಅವರೂ ಯಾರದೋ ಮನೆಯ ಮಕ್ಕಳೇ.

ಹಿಮಕುಸಿತದ ಮುನ್ಸೂಚನೆಗಾಗಿ 1969ರಲ್ಲಿ ಮನಾಲಿಯಲ್ಲಿ ಒಂದು ಸಂಶೋಧನಾ ಸಂಸ್ಥೆ ಆರಂಭವಾಯಿತು. 2020ರಲ್ಲಿ ಅದನ್ನು ರಕ್ಷಣಾ ಇಲಾಖೆಯ ಇನ್ನೊಂದು ಸಂಸ್ಥೆಯೊಡನೆ ಸೇರಿಸಲಾಯಿತು. ಎಚ್ಚರಿಕೆಗಳು ಈಗಲೂ ಹೊರಡುತ್ತವೆ. ಆದರೆ ಗಡಿ ಕಾಯುವವನು ಎಚ್ಚರಿಕೆ ಬಂತೆಂದು ಮನೆಗೆ ಹೋಗಲಾಗದು.

ಶಿಕ್ಷಕ ಮಿತ್ರರೇ, ಬರುವ ಫೆಬ್ರವರಿ 3ರಂದು ಶಾಲೆಯ ಪ್ರಾರ್ಥನೆಯಲ್ಲಿ ಈ ಹತ್ತೂ ಹೆಸರುಗಳನ್ನು ಮಕ್ಕಳಿಂದ ಓದಿಸಿ. ನಾವೂ ಓದಿಸುತ್ತೇವೆ.