ಕನ್ನಡಿ ಬಂತು, ಜೊತೆಗಾರ ಹೋದ

1911ರ ಮೊದಲ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಉಳಿದವರ ಕಾರಲ್ಲಿ ಹಿಂದೆ ನೋಡಿ ಹೇಳೋಕೆ ಒಬ್ಬ ಮೆಕ್ಯಾನಿಕ್ ಕೂತಿದ್ದ. ರೇ ಹ್ಯಾರೌನ್ ಮಾತ್ರ ಅವನ ಬದಲು ಕನ್ನಡಿ ಹಾಕಿಕೊಂಡು ಗೆದ್ದ. 1969ರಲ್ಲಿ ಹೋಂಡಾ ಸಿಬಿ750 ಬೈಕಿನ ಮುಂದಿನ ಚಕ್ರಕ್ಕೆ ಹೈಡ್ರಾಲಿಕ್ ಡಿಸ್ಕ್ ಬಂತು. ಕೇಬಲ್ಲಿನ ಕೆಲಸ ಬ್ರೇಕ್ ಆಯಿಲ್‌ಗೆ ಹೋಯ್ತು.

ಕಳೆದ ಭಾನುವಾರ ನನ್ನ ಬೈಕಿಗೆ ಎರಡನ್ನೂ ಬದಲಿಸಿದೆ. ಹಳೇ ಕನ್ನಡಿಯಲ್ಲಿ ನನ್ನ ಮೊಣಕೈ ಬಿಟ್ಟರೆ ಏನೂ ಕಾಣ್ತಿರಲಿಲ್ಲ. ರಬ್ಬರ್ ಹೋಸ್ ಉಬ್ಬಿ, ಬ್ರೇಕ್ ಹಿಡಿದರೆ ಸ್ಪಂಜು ಹಿಂಡಿದ ಹಾಗಾಗ್ತಿತ್ತು. ಕನ್ನಡಿಗೆ ಹತ್ತೇ ನಿಮಿಷ. ಸ್ಟೀಲ್ ಹೆಣಿಗೆಯ ಹೋಸ್ ಹಾಕಿದ ಮೇಲೆ ಲಿವರ್ ಹ್ಯಾಂಡಲ್ಲಿಗೇ ತಾಗ್ತು. ಒಳಗೆ ಗಾಳಿ! ಆಯಿಲ್ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಹಾಗೇ ರೋಡಿಗಿಳಿದಿದ್ದರೆ ಮೊದಲ ಸಿಗ್ನಲ್ಲೇ ಕೊನೆ. ಊರಿಂದ ಬಂದಿದ್ದ ಅಪ್ಪ ಲಿವರ್ ಒತ್ತಿ ಹಿಡಿದರು, ನಾನು ನಿಪ್ಪಲ್ ಬಿಚ್ಚಿ ಬಿಗಿ ಮಾಡಿದೆ, ಗುಳ್ಳೆ ಬರೋದು ನಿಲ್ಲೋವರೆಗೂ.

ಹ್ಯಾರೌನ್ ಇಳಿಸಿದ ಜೊತೆಗಾರ ಬ್ರೇಕಿಗೆ ಇನ್ನೂ ಬೇಕು.