ಏಳಿಂಚಿನ ಲ್ಯಾಪ್‌ಟಾಪಿನ ಕಥೆ

ಅಗ್ಗದ ಪುಟ್ಟ ಲ್ಯಾಪ್‌ಟಾಪ್ ಕೊಳ್ಳಬಹುದಾ ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗೋದು 2007. ಬಡಮಕ್ಕಳಿಗೆ ನೂರು ಡಾಲರಿನ ಲ್ಯಾಪ್‌ಟಾಪ್ ಅಂತ ನೆಗ್ರೋಪಾಂಟೆ 2005ರಲ್ಲಿ ಘೋಷಿಸಿದ್ದರು. ತಯಾರಾಗುವಷ್ಟರಲ್ಲಿ ಬೆಲೆ ಇನ್ನೂರರ ಹತ್ತಿರ!

ಅದೇ ವರ್ಷ ತೈವಾನಿನ ಆಸುಸ್ ‘ಈ ಪಿಸಿ’ ತಂದಿತು. ಏಳಿಂಚಿನ ಪರದೆ, ಲಿನಕ್ಸ್, 4 ಜಿಬಿ ಜಾಗ, ಒಂದು ಕೆಜಿಗೂ ಕಮ್ಮಿ ತೂಕ. ಜನ ಮುಗಿಬಿದ್ದರು. (800x480 ಪರದೆಯಲ್ಲಿ ನಮ್ಮ ಒತ್ತಕ್ಷರ ಓದೋದು ಕಣ್ಣಿಗೆ ಶಿಕ್ಷೆಯೇ, ಅದು ಬೇರೆ ಮಾತು.)

ಮುದಿಯಾಗಿದ್ದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2008ರಲ್ಲಿ ಇವುಗಳಿಗಾಗಿಯೇ ಆಯುಸ್ಸು ಕೊಟ್ಟಿತು. ಷರತ್ತು: ಮೆಮೊರಿ 1 ಜಿಬಿ ದಾಟಬಾರದು. ನನ್ನ ಪ್ರಕಾರ ಎಡವಟ್ಟಾಗಿದ್ದು ಅಲ್ಲೇ. ಪರದೆ ಹತ್ತಿಂಚಾಯಿತು, ಹಾರ್ಡ್ ಡಿಸ್ಕ್ ಬಂತು, ಕುಂಟುವುದು ಮಾತ್ರ ತಪ್ಪಲಿಲ್ಲ. 2010ರಲ್ಲಿ ಐಪ್ಯಾಡ್ ಬಂತು. ಎರಡು-ಮೂರು ವರ್ಷದಲ್ಲಿ ನೆಟ್‌ಬುಕ್ ಮಾಯ.

ಇವತ್ತು ಅಗ್ಗದ್ದು ಕೊಳ್ಳುವಾಗಲೂ ನಾನು ಮೊದಲು ನೋಡೋದು ಮೆಮೊರಿಯನ್ನೇ.